ಹೈಡೆಲ್‌ಬರ್ಗೋ, ಟ್ಯೂಬಿಂಗನ್ನೋ?

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ನಮ್ಮ ಮನೆಗೆ ಊರಿಂದ ಯಾರೇ ಬರಲಿ, ಯಾವ ಊರು ತೋರಿಸೋದು ಅನ್ನೋ ಇದೇ ಪ್ರಶ್ನೆ. ಎರಡೂ ನೆಕಾರ್ ನದಿಯ ದಂಡೆಯ ಊರುಗಳು, ಎರಡಕ್ಕೂ ಗುಡ್ಡದ ಮೇಲೊಂದು ಕೋಟೆ, ಎರಡರಲ್ಲೂ ಹಳೇ ವಿಶ್ವವಿದ್ಯಾಲಯ (ಒಂದು 1386ರದ್ದು, ಇನ್ನೊಂದು 1477ರದ್ದು). ಅಪ್ಪ-ಅಮ್ಮ ಬಂದಾಗ ಒಂದು ಶನಿವಾರ ಅಲ್ಲಿಗೆ, ಮುಂದಿನ ಶನಿವಾರ ಇಲ್ಲಿಗೆ ಹೋಗಿಬಂದೆವು.

ಮೊದಲ ನೋಟಕ್ಕೆ ಗೆಲ್ಲೋದು ಹೈಡೆಲ್‌ಬರ್ಗ್, ಅನುಮಾನವೇ ಬೇಡ. 1788ರ ಕಲ್ಲಿನ ಸೇತುವೆ ಮೇಲೆ ನಿಂತು ತಲೆ ಎತ್ತಿದರೆ ಕೆಂಪು ಕಲ್ಲಿನ ಕೋಟೆ. 1689 ಮತ್ತು 1693ರಲ್ಲಿ ಫ್ರೆಂಚ್ ಸೈನ್ಯ ಒಡೆದುಹಾಕಿತು, 1764ರಲ್ಲಿ ಸಿಡಿಲೂ ಬಡಿಯಿತು. ಮುರಿದದ್ದೇ ಅದರ ಚೆಂದ. ಮೆಟ್ಟಿಲು 315. ಅಮ್ಮನ ಮಂಡಿ ನೋವು ನೆನೆದು ಹಳಿ ಮೇಲಿನ ಬೆಟ್ಟದ ರೈಲು ಹತ್ತಿದೆವು, ಕೋಟೆ ಟಿಕೆಟ್‌ನಲ್ಲೇ ಅದೂ ಸೇರಿರುತ್ತದೆ. ಒಳಗೆ ಸುಮಾರು 2,20,000 ಲೀಟರ್ ಹಿಡಿಸುವ ವೈನ್ ಪೀಪಾಯಿ. "ಇದೇನೋ, ನಮ್ಮ ಓವರ್‌ಹೆಡ್ ಟ್ಯಾಂಕ್ ಮಲಗಿಸಿದಂಗಿದೆ" ಅಂದರು ಅಪ್ಪ. ತಾಪತ್ರಯ ಅಂದರೆ ಜನ. ಸೇತುವೆ ಬಳಿಯ ಕಂಚಿನ ಕೋತಿ ಜೊತೆ ಫೋಟೊಗೂ ಕ್ಯೂ. ರೈಲ್ವೆ ಸ್ಟೇಷನ್‌ನಿಂದ ಹಳೇ ಊರಿಗೆ ಬಸ್ಸೋ ಟ್ರಾಮೋ ಹಿಡಿಯಬೇಕು.

ಟ್ಯೂಬಿಂಗನ್‌ನಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಸೇತುವೆ. ಕೆಳಗೆ ಉದ್ದುದ್ದ ಮರದ ದೋಣಿಗಳು, ಹಿಂದೆ ನಿಂತವನು ಕೋಲನ್ನು ತಳಕ್ಕೆ ಊರಿ ತಳ್ಳುತ್ತಾನೆ, ಮೋಟರ್ ಸದ್ದಿಲ್ಲ. ದಂಡೆಯಲ್ಲಿ ಹಳದಿ ಗೋಪುರ. ಮನಸ್ಸು ಕದಡಿದ ಕವಿ ಹೋಲ್ಡರ್‌ಲಿನ್ 1807ರಿಂದ 1843ರವರೆಗೆ, ಸಾಯುವ ತನಕ, ಬಡಗಿಯೊಬ್ಬನ ಆಸರೆಯಲ್ಲಿ ಇದ್ದದ್ದು ಅಲ್ಲೇ. ಬೀದಿಗಳು ಮಾತ್ರ ಏರು-ಇಳಿಜಾರು, ಕಾಲಡಿ ಉರುಟು ಕಲ್ಲು. ಮಗುವಿನ ತಳ್ಳುಗಾಡಿ ಇದ್ದರೆ ಹೈಡೆಲ್‌ಬರ್ಗ್‌ನ ಸಮತಟ್ಟು ಮುಖ್ಯ ಬೀದಿಯೇ ವಾಸಿ.

ಇಲ್ಲಿನ ಕೋಟೆ ಹೊರಗಿಂದ ಸಾದಾ. ಆದರೆ ಅದರ ಹಳೇ ಅಡುಗೆಮನೆಯನ್ನೇ ಲ್ಯಾಬ್ ಮಾಡಿಕೊಂಡಿದ್ದಾಗ, 1869ರಲ್ಲಿ ಫ್ರೀಡ್ರಿಖ್ ಮೀಶರ್ ಎಂಬ ವಿಜ್ಞಾನಿ, ಆಸ್ಪತ್ರೆಯ ಬ್ಯಾಂಡೇಜಿನ ಕೀವಿನಿಂದ, ಮುಂದೆ ಡಿಎನ್‌ಎ ಅನ್ನಿಸಿಕೊಂಡ ವಸ್ತುವನ್ನು ಬೇರ್ಪಡಿಸಿದ. ಮೇಲಿನ ಮ್ಯೂಸಿಯಂನಲ್ಲಿ ಹಿಮಯುಗದವರು ಮ್ಯಾಮತ್ ದಂತದಲ್ಲಿ ಕೆತ್ತಿದ ಕುದುರೆ, ಐದು ಸೆಂಟಿಮೀಟರ್ ಕೂಡ ಇಲ್ಲ. ಬಾಗಿದ ಕತ್ತು, ಸವೆದು ನುಣುಪಾದ ಬೆನ್ನು, ಕಾಲುಗಳು ಮುರಿದಿವೆ. ಪೀಪಾಯಿಯ ಮುಂದೆ ಎರಡು ನಿಮಿಷ ನಿಂತಿದ್ದ ನಾನು ಇದರ ಮುಂದೆ ಕಾಲು ಗಂಟೆ ನಿಂತೆ.

ಅಪ್ಪನಿಗೆ ಮುಖ್ಯವಾದದ್ದೇ ಬೇರೆ. 1894ರ ಕನ್ನಡ-ಇಂಗ್ಲಿಷ್ ನಿಘಂಟಿನ ಕಿಟೆಲ್‌ಗೆ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡದ್ದೂ ಇದೇ ಊರಲ್ಲಿ. ಅದನ್ನು ಹೇಳಿದ ಮೇಲೆ ಅಪ್ಪ ಯಾವ ಹಳೇ ಮನೆ ಕಂಡರೂ "ಇದೇ ಇರಬಹುದೇನೋ" ಅನ್ನುತ್ತಾ ನಡೆದರು.

ಒಂದೇ ದಿನ ಇದ್ದವರನ್ನು ನಾನು ಈಗ ಟ್ಯೂಬಿಂಗನ್‌ಗೇ ಕಳಿಸೋದು. ಅಮ್ಮನ ಫೋನಲ್ಲಿ ಮಾತ್ರ ಹೈಡೆಲ್‌ಬರ್ಗ್‌ನ ಫೋಟೊ ಎಂಬತ್ತು, ಟ್ಯೂಬಿಂಗನ್‌ನದು ಹನ್ನೊಂದು.