ಕಡಲಿಗೂ ದುಡ್ಡು ಕೊಟ್ಟು ತಂದ ಮಂಗಳೂರಿನ ನಕ್ಷೆ

ಬಸವನಗುಡಿ ಕಡೆಯ ಒಂದು ಫ್ರೇಮ್ ಅಂಗಡಿಯಲ್ಲಿ ಹಳೇ ನಕ್ಷೆಗಳನ್ನು ಮತ್ತೆ ಮುದ್ರಿಸಿ, ಕಟ್ಟು ಹಾಕಿ ಮಾರುತ್ತಾರೆ. ಅಲ್ಲಿಂದ ಸರ್ವೇ ಆಫ್ ಇಂಡಿಯಾದ 48 ಎಲ್/13 ಹಾಳೆ ತಂದೆ. ಅಂದರೆ ನಮ್ಮ ಮಂಗಳೂರು, ಪಣಂಬೂರಿನ ಬಂದರು ಹುಟ್ಟುವ ಮೊದಲಿನದ್ದು. ಫ್ರೇಮ್ ಸೇರಿ 1,850 ರೂಪಾಯಿ.

ಎಡಗಡೆ ಕಾಲು ಭಾಗದಷ್ಟು ಬರೀ ಕಡಲು. ಅಮ್ಮ ನೋಡಿದವರೇ "ನೀರಿಗೂ ದುಡ್ಡು ಕೊಟ್ಟಿದ್ದಾ ಮಾರಾಯ್ತಿ?" ಅಂದರು. ಆಮೇಲೆ ಕನ್ನಡಕ ಹಾಕಿಕೊಂಡು ಕೂತವರು ಒಂದು ಗಂಟೆ ಏಳಲಿಲ್ಲ. ಜೆಪ್ಪುವಿನ ಹತ್ತಿರ ನೇತ್ರಾವತಿ ದಡದಲ್ಲಿ ಹಂಚಿನ ಕಾರ್ಖಾನೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಶುರು ಮಾಡಿದ ಕಸುಬು. ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಹಂಚು ಹಳೇ ಬಂದರಿಗೆ ಹೋಗಿ ಮಂಜಿ, ಅಂದರೆ ಸರಕಿನ ಹಾಯಿಹಡಗು, ಹತ್ತುತ್ತಿತ್ತು. ಅದಕ್ಕೇ ಚಿಮಣಿಗಳೆಲ್ಲ ನೀರಿನ ಪಕ್ಕ. ನಮ್ಮ ಅಜ್ಜ ಹಂಚು ಒತ್ತುತ್ತಿದ್ದವರು. ಅವರು ನಡೆದು ಹೋಗುತ್ತಿದ್ದ ದಾರಿಯನ್ನು ಅಮ್ಮ ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು.

ನನಗೆ ಹಿಡಿಸಿದ್ದು ಉತ್ತರದ ಕಡೆ. ಗುರುಪುರ ನದಿ ಕೂಳೂರಿನ ತನಕ ಬಂದು, ಕಡಲು ಅಷ್ಟು ಹತ್ತಿರ ಇದ್ದರೂ ಸೇರದೆ, ದಕ್ಷಿಣಕ್ಕೆ ತಿರುಗಿ ದಡದ ಪಕ್ಕದಲ್ಲೇ ಹರಿಯುತ್ತದೆ. ನಡುವೆ ತಣ್ಣೀರುಬಾವಿ, ಬೆಂಗ್ರೆಯ ಸಣಕಲು ಮರಳಪಟ್ಟಿ. ಅದರ ಮೇಲ್ಗಡೆ ಪಣಂಬೂರು, ಸ್ಕೇಲ್ ಇಟ್ಟು ಎಳೆದಂಥ ದಡ. ಅಲ್ಲೇ ನೆಲ ಅಗೆದು, ಕಡಲನ್ನು ಒಳಗೆ ಬಿಟ್ಟುಕೊಂಡು ಬಂದರು ಕಟ್ಟಿದ್ದು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಫೋನಿನಲ್ಲಿ ಈಗಿನ ನಕ್ಷೆ ತೆಗೆದು ಪಕ್ಕ ಹಿಡಿದರೆ, ದಡವನ್ನು ಯಾರೋ ಕಚ್ಚಿ ತಿಂದ ಹಾಗಿದೆ.

ಇನ್ನು ನನ್ನ ತಕರಾರು. ಮೂಲ ಹಾಳೆ ಮೈಲಿಗೆ ಒಂದು ಇಂಚಿನ ಲೆಕ್ಕದ್ದು. ಮೇಲಿಂದ ಕೆಳಗೆ ಅಕ್ಷಾಂಶದ ಕಾಲು ಡಿಗ್ರಿ, ಅಂದರೆ ಸುಮಾರು 17 ಇಂಚು ಇರಬೇಕು. ಅಳೆದರೆ 11. ರೆಡಿ ಫ್ರೇಮಿಗೆ ಕೂರಲಿ ಅಂತ ಕುಗ್ಗಿಸಿದ್ದಾರೆ. ಅಡಿಯಲ್ಲಿ ಮಾತ್ರ "ಮೈಲಿಗೆ ಒಂದು ಇಂಚು" ಅಂತ ಹಾಗೇ ಬಿಟ್ಟಿದ್ದಾರೆ. ನಂಬಿ ಅಳೆದರೆ ಮೂರು ಮೈಲಿ ದಾರಿ ಎರಡೇ ಆಗುತ್ತದೆ! ಪಕ್ಕದಲ್ಲಿ ಮೈಲಿ ಗುರುತು ಹಾಕಿ ಮುದ್ರಿಸಿದ ಅಳತೆಪಟ್ಟಿಯೂ ಜೊತೆಗೇ ಕುಗ್ಗಿದೆ, ಹಾಗಾಗಿ ಅದನ್ನು ನಂಬಬಹುದು. ಬಾವುಟಗುಡ್ಡೆ, ಕದ್ರಿ ಕಡೆ ಎತ್ತರ ತೋರಿಸುವ ಕಂದು ಗೆರೆಗಳು ಒಂದಕ್ಕೊಂದು ಅಂಟಿಹೋಗಿವೆ. ಹೇಳಿದರೆ "ಗೋಡೆಗೆ ಹಾಕೋಕೆ ತಾನೇ ಮೇಡಂ?" ಅಂದರು ಅಂಗಡಿಯವರು. ಕಾಗದ, ಕಟ್ಟು ಎರಡೂ ಚೆನ್ನಾಗಿವೆ, ಸುಳ್ಳು ಹೇಳಬಾರದು.

ನಮ್ಮ ಯಜಮಾನರದು ಮೂಲ್ಕಿ. ಅವರ ಊರು ಇದರಲ್ಲಿಲ್ಲ, ಹಾಳೆ ಉತ್ತರಕ್ಕೆ 13 ಡಿಗ್ರಿ ಅಕ್ಷಾಂಶಕ್ಕೇ ಮುಗಿಯುತ್ತದೆ. ಮೇಲಿನ 48 ಕೆ/16 ಹಾಳೆಯನ್ನು ಮೂಲ ಅಳತೆಯಲ್ಲೇ ಮುದ್ರಿಸಿಕೊಡಿ, ಫ್ರೇಮ್ ಬೇಡ ಅಂತ 200 ರೂಪಾಯಿ ಮುಂಗಡ ಕೊಟ್ಟು ಬಂದಿದ್ದೇನೆ.