ಕುದುರೆ ಸವಾರಿ ಪಾಠಕ್ಕೆ ಹಣ ಕಟ್ಟುವ ಮಂಗಳೂರಿನ ಪೋಷಕರೇ, "ಅನುಮೋದಿತ ತರಬೇತುದಾರ" ಎಂದರೆ ಯಾರೆಂದು ಮೊದಲು ಕೇಳಿ

ಮಂಗಳೂರಿನ ಹೊರವಲಯದ ಒಂದು ಕುದುರೆ ಸವಾರಿ ಕ್ಲಬ್ಬಿಗೆ ಮಗಳ ಪಾಠಕ್ಕೆಂದು ಮುಂಗಡವಾಗಿ ಕಟ್ಟಿದ 18,000 ರೂಪಾಯಿ ಹೋಯಿತು. ಆದರೆ ನಾನು ಇದನ್ನು ಬರೆಯುತ್ತಿರುವುದು ಹಣ ಹೋದುದಕ್ಕಲ್ಲ. ಯಾರು ಪಾಠ ಹೇಳಬಹುದು, ಯಾರು ಹೇಳಬಾರದು ಎಂಬ ಒಂದು ನಿಯಮವನ್ನು ಮುಂದಿಟ್ಟುಕೊಂಡು, ಮಗುವಿನ ಕೈ ಮುರಿದ ಮೇಲೂ ನಮ್ಮನ್ನೇ ತಪ್ಪಿತಸ್ಥರನ್ನಾಗಿ ಮಾಡಿದರಲ್ಲ, ಅದಕ್ಕೆ. ವಿಷಯ ಗ್ರಾಹಕ ಆಯೋಗಕ್ಕೆ ಹೋಗಲಿರುವುದರಿಂದ ಕ್ಲಬ್ಬಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಪ್ರವೇಶ ಅರ್ಜಿಯ ಹಿಂಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ ಹೀಗೆ ಮುದ್ರಿಸಿದ್ದರು: "ಕ್ಲಬ್ಬಿನ ಅನುಮೋದಿತ ತರಬೇತುದಾರರ ಹೊರತು ಅನ್ಯರು ಆವರಣದೊಳಗೆ ಸವಾರಿ ಪಾಠ ಹೇಳುವಂತಿಲ್ಲ. ಪೋಷಕರು ಅಥವಾ ಸಂದರ್ಶಕರು ಬೇಲಿಯ ಹೊರಗಿನಿಂದ ಸೂಚನೆ ಕೊಡುವುದನ್ನೂ ನಿಷೇಧಿಸಲಾಗಿದೆ." ಓದಿಯೇ ಸಹಿ ಹಾಕಿದೆವು. ಈ ನಿಯಮದ ಬಗ್ಗೆ ನನಗೆ ಇಂದಿಗೂ ತಕರಾರಿಲ್ಲ. ಒಂದೇ ಅಂಗಳದಲ್ಲಿ ಇಬ್ಬರು ಎರಡು ರೀತಿ ಕೂಗಿದರೆ ಮಕ್ಕಳು ಗಲಿಬಿಲಿಗೊಳ್ಳುತ್ತಾರೆ, ಕಂಡಕಂಡವರು ಲಗಾಮು ಜಗ್ಗಲು ಕಲಿಸಿದರೆ ಕುದುರೆಯ ಬಾಯಿ ಜಡ್ಡುಗಟ್ಟುತ್ತದೆ, ಅವಘಡವಾದರೆ ಹೊಣೆ ಯಾರದೆಂಬುದು ತಿಳಿಯದೆ ಹೋಗುತ್ತದೆ. ಆದ್ದರಿಂದ ಹೊರಗಿನವರು ಬೇಡ ಎನ್ನುವುದು ಸರಿಯೇ. ಒಳಗಿನವರು ಯಾರು ಎಂಬುದನ್ನು ಆ ಕಾಗದದಲ್ಲಿ ಎಲ್ಲಿಯೂ ಹೇಳಿರಲಿಲ್ಲ.

ಕಚೇರಿಯಲ್ಲಿ ಮ್ಯಾನೇಜರರ ಕುರ್ಚಿಯ ಮೇಲ್ಗಡೆ ಗಾಜಿನ ಚೌಕಟ್ಟಿನಲ್ಲಿ ಒಂದು ಪ್ರಮಾಣಪತ್ರ, ಪಕ್ಕದಲ್ಲಿ ಬೇಲಿ ಹಾರುತ್ತಿರುವ ಕುದುರೆಯ ಮೇಲೆ ಮುಖ್ಯ ತರಬೇತುದಾರರ ಚಿತ್ರ. "ಇವರೇ ಕಲಿಸುವುದು ಮೇಡಂ, ಸರ್ಟಿಫೈಡ್ ಕೋಚ್," ಎಂದು ಮ್ಯಾನೇಜರ್ ಅದರತ್ತ ಬೆರಳು ತೋರಿಸಿದ್ದರು. ಕುದುರೆ ಸವಾರ ಫವಾದ್ ಮಿರ್ಜಾ ಅವರು 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದದ್ದನ್ನೂ, ಆಮೇಲೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದನ್ನೂ ಓದಿ ಓದಿ ಕುದುರೆಯ ಹುಚ್ಚು ಹಿಡಿಸಿಕೊಂಡಿದ್ದ ನನ್ನ ಮಗಳು ಆ ಚಿತ್ರ ನೋಡಿ ಕುಣಿದಳು. ಆ ತರಬೇತುದಾರರು ಮಾತ್ರ ಅಂಗಳಕ್ಕೆ ಬರಲೇ ಇಲ್ಲ. ಕೇಳಿದಾಗಲೆಲ್ಲ "ಸರ್ ಬೆಂಗಳೂರಿನಲ್ಲಿದ್ದಾರೆ", "ಮುಂದಿನ ವಾರ ಖಂಡಿತ ಬರ್ತಾರೆ", "ಮಳೆ ಮುಗಿಯಲಿ ಮೇಡಂ" ಎಂಬ ಉತ್ತರಗಳು. ಪಾಠ ಹೇಳುತ್ತಿದ್ದವನು ಲಾಯ ತೊಳೆದು ಹುಲ್ಲು ಹಾಕುವ ಹುಡುಗ. ಅವನ ಮೇಲೆ ನನಗೆ ಕೋಪವಿಲ್ಲ. ನಿಮಗೆ ಕಲಿಸಿದವರು ಯಾರು ಎಂದು ಕೇಳಿದ್ದಕ್ಕೆ ಅವನು ಮುಚ್ಚುಮರೆಯಿಲ್ಲದೆ, "ಯಾರೂ ಇಲ್ಲ ಅಕ್ಕ, ನಾನು ಮೊದಲು ಬೀಚಿನಲ್ಲಿ ಕುದುರೆ ಹಿಡಿದುಕೊಂಡು ಜನರನ್ನು ಒಂದು ಸುತ್ತು ಹೊಡೆಸುತ್ತಿದ್ದೆ," ಎಂದ.

ನನ್ನ ಗಂಡನ ಸೋದರಮಾವ ಸೇನೆಯ ಪ್ರಾಣಿಗಳನ್ನು ನೋಡಿಕೊಳ್ಳುವ ರಿಮೌಂಟ್ ವೆಟರ್ನರಿ ಕೋರ್‌ನಲ್ಲಿ ದಫೇದಾರರಾಗಿದ್ದವರು. ಮೀರತ್‌ನಲ್ಲಿ ಎಳೆಯ ಕುದುರೆಗಳನ್ನು ಪಳಗಿಸುವುದು, ಹೊಸ ಸವಾರರಿಗೆ ಕಲಿಸುವುದು ಅವರ ಕೆಲಸವಾಗಿತ್ತು. ಮೊಮ್ಮಗಳ ಸವಾರಿ ನೋಡುವ ಆಸೆಯಿಂದ ಮಗಳು ಬಿದ್ದ ದಿನ ನಮ್ಮ ಜೊತೆ ಬಂದು ಬೇಲಿಯ ಹೊರಗೆ ನಿಂತಿದ್ದರು. ಜೀನಿನ ಪಟ್ಟಿಯನ್ನು ಹೊಟ್ಟೆಯಡಿ ಬಿಗಿಯುವಾಗ ಎಷ್ಟೋ ಕುದುರೆಗಳು ಉಸಿರು ತುಂಬಿಕೊಂಡು ಹೊಟ್ಟೆ ಉಬ್ಬಿಸುತ್ತವೆ, ಆದ್ದರಿಂದ ನಾಲ್ಕು ಹೆಜ್ಜೆ ನಡೆಸಿದ ಮೇಲೆ ಅದನ್ನು ಇನ್ನೊಮ್ಮೆ ಬಿಗಿಯಲೇಬೇಕು. ಕುದುರೆಯ ಬಳಿ ಕೆಲಸ ಮಾಡಿದ ಯಾರಿಗೂ ಇದು ಗೊತ್ತಿರುವ ಮಾತು. ಹುಡುಗ ಬಿಗಿಯಲಿಲ್ಲ. ಮಾವ ನೋಡಿದರು. ನೋಡಿ ಅಲ್ಲಿಂದಲೇ, "ತಮ್ಮಾ, ಪಟ್ಟಿ ಸಡಿಲ ಉಂಟು, ಮಗುವನ್ನು ಇಳಿಸಿ ಬಿಗಿ ಮಾಡು," ಎಂದರು. ಅಷ್ಟೇ. ಹೇಳಿದ್ದು ಅಷ್ಟೇ.

ಕಚೇರಿಯಿಂದ ಮ್ಯಾನೇಜರ್ ಓಡೋಡಿ ಬಂದರು. ಪಟ್ಟಿ ನೋಡಲಿಕ್ಕಲ್ಲ, ಮಾವನನ್ನು ತಡೆಯಲಿಕ್ಕೆ. ಉಳಿದ ಪೋಷಕರೆಲ್ಲ ನೋಡುತ್ತಿರುವಂತೆಯೇ, "ಮೇಡಂ, ನಿಯಮ ಓದದೆ ಸಹಿ ಹಾಕಿದ್ದೀರಾ? ಹೊರಗಿನವರು ಇಲ್ಲಿ ಪಾಠ ಮಾಡುವ ಹಾಗಿಲ್ಲ," ಎಂದು ಗದರಿದರು. ಎಪ್ಪತ್ತು ದಾಟಿದ ಹಿರಿಯರನ್ನು ಗೇಟಿನ ಹೊರಗೆ ಕಳುಹಿಸಿದರು. ಮಾವ ಮರುಮಾತಾಡದೆ ಹೋದರು. ನನಗೆ ಆ ಜನರೆದುರು ತಲೆ ಎತ್ತಲಾಗಲಿಲ್ಲ. ಹುಡುಗ ಮ್ಯಾನೇಜರರ ಮುಖ ನೋಡಿ ಕುದುರೆಯನ್ನು ಟ್ರಾಟ್‌ಗೆ, ಅಂದರೆ ನಿಧಾನದ ಓಟಕ್ಕೆ, ಬಿಟ್ಟ. ತಿರುವಿನಲ್ಲಿ ಜೀನು ಮಗಳ ಸಮೇತ ಕುದುರೆಯ ಪಕ್ಕಕ್ಕೆ ಜಾರಿತು. ಅವಳು ಬಿದ್ದ ಅಂಗಳಕ್ಕೆ ಮರಳು ಹಾಸಿದ್ದೇವೆಂದು ಹೇಳಿಕೊಂಡಿದ್ದರಲ್ಲ, ಆ ಮರಳು ಎರಡು ಬೆರಳಿನಷ್ಟು ದಪ್ಪವೂ ಇರಲಿಲ್ಲ. ಕೆಳಗೆ ಬರೀ ಮುರಕಲ್ಲು. ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು.

ಮರುದಿನ ನಾನು ಒಬ್ಬಳೇ ಹೋಗಿ ಮ್ಯಾನೇಜರರ ಎದುರು ಕೂತು ಕೇಳಿದ ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು ಹಾಗೆಯೇ ಕೊಡುತ್ತೇನೆ. ಪಾಠ ಹೇಳಿದ ಹುಡುಗ ಯಾರು? "ಅವ ಸಹಾಯಕ ತರಬೇತುದಾರ, ನಾವೇ ಅನುಮೋದಿಸಿದ್ದು." ಯಾವ ಆಧಾರದ ಮೇಲೆ? "ಅವ ಯಾವಾಗಲೂ ಕುದುರೆಯ ಜೊತೆಯೇ ಇರುತ್ತಾನಲ್ಲ ಮೇಡಂ." ಹಾಗಾದರೆ ಸೇನೆಯಲ್ಲಿ ಇಡೀ ಸೇವಾವಧಿಯನ್ನು ಕುದುರೆಗಳ ಜೊತೆಯೇ ಕಳೆದವರು? "ಅವರು ನಮ್ಮ ಪಟ್ಟಿಯಲ್ಲಿಲ್ಲ." ಪಟ್ಟಿ ತೋರಿಸಿ. "ಅದು ಆಂತರಿಕ ದಾಖಲೆ, ಸದಸ್ಯರಿಗೆ ತೋರಿಸುವುದಿಲ್ಲ." ಕೊನೆಗೆ ನಗುತ್ತಾ, "ನಿಮ್ಮ ಮಗಳೇನು ಒಲಿಂಪಿಕ್ಸ್‌ಗೆ ಹೋಗುವವಳಾ, ಇಷ್ಟೆಲ್ಲ ಯಾಕೆ ಕೇಳುತ್ತೀರಿ?" ಎಂದರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಗು ಮನೆಯಲ್ಲಿ ಮಲಗಿರುವಾಗ ಈ ಮಾತು!

ಮಾತಾಡುತ್ತಿರುವಾಗಲೇ ಅವರ ತಲೆಯ ಮೇಲಿನ ಆ ಚೌಕಟ್ಟಿನ ಫೋಟೊ ತೆಗೆದುಕೊಂಡೆ. ಮನೆಗೆ ಬಂದು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದರೆ, ಅದು ತರಬೇತುದಾರನ ಪ್ರಮಾಣಪತ್ರವೇ ಅಲ್ಲ. ಯಾವುದೋ ಸ್ಪರ್ಧೆಯಲ್ಲಿ ಭಾಗವಹಿಸಿದ್ದಕ್ಕೆ ಕೊಟ್ಟ ಪತ್ರ. ಭಾಗವಹಿಸಿದ್ದಕ್ಕೆ! ಇದನ್ನು ತೋರಿಸಿ ನಮ್ಮಿಂದ ದುಡ್ಡು ಕಟ್ಟಿಸಿಕೊಂಡರು. ಸವಾರಿ ಬಲ್ಲವರೆಲ್ಲ ಕಲಿಸಬಲ್ಲವರಲ್ಲ ಎಂಬ ಕಾರಣಕ್ಕೇ ಅಂತರರಾಷ್ಟ್ರೀಯ ಅಶ್ವಾರೋಹಣ ಒಕ್ಕೂಟ ತರಬೇತುದಾರರಿಗೆಂದೇ ಮೂರು ಹಂತಗಳ ಶಿಕ್ಷಣ ನಡೆಸುತ್ತದೆ. ಕಾರು ಕಲಿಸುವ ಶಾಲೆ ತೆರೆಯಬೇಕಾದರೆ ಕೇಂದ್ರ ಮೋಟಾರು ವಾಹನ ನಿಯಮ, 1989ರ ಪ್ರಕಾರ ಪರವಾನಗಿ ಬೇಕು, ಕಲಿಸುವವರಿಗೂ ಅರ್ಹತೆ ಇರಬೇಕು. ಕುದುರೆಗೆ ಆರ್‌ಟಿಓ ಇಲ್ಲ. ಆ ಧೈರ್ಯದಿಂದಲೇ ಇವರು ತಾವೇ ಪಟ್ಟಿ ಬರೆದು, ತಾವೇ ಅನುಮೋದಿಸಿ, ಅದನ್ನು ತಾವೇ ಬಚ್ಚಿಡುತ್ತಾರೆ.

ಶುಲ್ಕ ಮರಳಿಸಿ ಎಂದು ಲಿಖಿತವಾಗಿ ಕೇಳಿದ್ದಕ್ಕೆ ವಾಟ್ಸಾಪ್‌ನಲ್ಲಿ ಬಂದ ಉತ್ತರ ಇದು: "ಪಾಠದ ವೇಳೆ ನಿಮ್ಮ ಕಡೆಯ ಹೊರಗಿನ ವ್ಯಕ್ತಿ ಸೂಚನೆ ನೀಡಿ ಸವಾರರ ಗಮನವನ್ನು ಭಂಗಗೊಳಿಸಿದ್ದರಿಂದ ಅವಘಡ ಸಂಭವಿಸಿದೆ. ನಿಯಮ ಉಲ್ಲಂಘನೆಯಾಗಿರುವ ಕಾರಣ ಶುಲ್ಕ ಮರಳಿಸಲಾಗದು." ಪಟ್ಟಿ ಸಡಿಲವಿದೆ ಎಂದು ಎಚ್ಚರಿಸಿದ್ದೇ ಅವಘಡಕ್ಕೆ ಕಾರಣವಂತೆ! ಇದನ್ನು ಎಷ್ಟು ಸಲ ಓದಿದರೂ ನನಗೆ ಮೈ ಉರಿಯುತ್ತದೆ.

ಹಾಗಾಗಿ ಹಣ ಕಟ್ಟುವ ಮೊದಲು ನಿಮ್ಮ ಮಗುವಿಗೆ ಯಾರು ಕಲಿಸುತ್ತಾರೋ ಅವರ ಹೆಸರನ್ನೂ ಅರ್ಹತೆಯನ್ನೂ ರಸೀದಿಯಲ್ಲೇ ಬರೆಸಿಕೊಳ್ಳಿ. ಬರೆಯುವುದಿಲ್ಲ ಎಂದರೆ ಎದ್ದು ಬನ್ನಿ. ಗೋಡೆಯ ಮೇಲಿನ ಪತ್ರವನ್ನು ಕೆಳಗಿಳಿಸಿ ಕೈಗೆ ಕೊಡಲು ಹೇಳಿ. ಮೊದಲ ಪಾಠದಲ್ಲಿ ಮಗು ಹತ್ತಿದ ಮೇಲೆ ಜೀನಿನ ಪಟ್ಟಿಯನ್ನು ಎರಡನೆಯ ಸಲ ಬಿಗಿಯುತ್ತಾರೆಯೇ ಎಂದು ನೋಡಿ. ನಮಗೆ ಕೊಟ್ಟಂತೆ ಸೀಲು ಸಹಿಯಿಲ್ಲದ ಚೀಟಿ ಕೊಟ್ಟರೆ ಸುಮ್ಮನಿರಬೇಡಿ, ಬಿಲ್ ಕೊಡದಿರುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ.

ನಾವು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದೇವೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು, ಐದು ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ, ಕಾಗದಪತ್ರ ಸಿದ್ಧಪಡಿಸುತ್ತಿದ್ದೇವೆ. ಆ ದಿನ ಅಂಗಳದ ಬಳಿ ಇಬ್ಬರು ಪೋಷಕರು ತಮ್ಮ ಮಕ್ಕಳ ಸವಾರಿಯನ್ನು ವಿಡಿಯೊ ಮಾಡುತ್ತಿದ್ದರು. ಮಾವ ಹೇಳಿದ ಮಾತು, ಮ್ಯಾನೇಜರ್ ಗದರಿದ್ದು ಅದರಲ್ಲಿ ಕೇಳಿಸುತ್ತಿರಬೇಕು. ಅವರು ಇದನ್ನು ಓದಿದರೆ ದಯವಿಟ್ಟು ಆ ವಿಡಿಯೊ ಅಳಿಸಬೇಡಿ, ನನಗೊಂದು ಪ್ರತಿ ಕಳುಹಿಸಿಕೊಡಿ.