ಜೈಲಲ್ಲೂ ಎರಡು ನ್ಯಾಯವೇ? ಶಾಸಕರು, ಆರ್‌ಟಿಐ, ಹೈಕೋರ್ಟ್: ಯಾವ ದಾರಿ?

ಶಿಕ್ಷೆಯಾದ ರಾಜಕಾರಣಿಗೊಂದು ನ್ಯಾಯ, ಬಡ ಕೈದಿಗೊಂದು ನ್ಯಾಯ ಎಂಬ ಸಿಟ್ಟನ್ನು ಎಲ್ಲಿಗೆ ಒಯ್ಯುವುದೆಂದು ಕೇಳಿದ್ದೀರಿ. ಬೆಂಗಳೂರಿಗರಿಗೆ ಓಡಾಟದ ತಾಪತ್ರಯವಿಲ್ಲ, ವಿಧಾನಸೌಧದ ಎದುರೇ ಹೈಕೋರ್ಟಿದೆ.

ಖರ್ಚಿನಲ್ಲಿ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ, ಅಗ್ಗ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಆದರೆ ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದ ಮಿತಿ. ‘ಏಕೆ ಈ ಪಕ್ಷಪಾತ?’ ಎಂದು ಬರೆದರೆ ಕಾಸಿನ ಪ್ರಯೋಜನವಿಲ್ಲ. ಭೇಟಿಗೆ ಬಂದವರ ಹೆಸರು ಕೇಳಿದರೆ ಖಾಸಗಿ ಮಾಹಿತಿಯೆಂದು ತಳ್ಳಿಹಾಕಬಹುದು. ಪರಪ್ಪನ ಅಗ್ರಹಾರ ಜೈಲಿನಲ್ಲಿ ಇಂಥ ತಿಂಗಳು ಎಷ್ಟು ಭೇಟಿ, ಎಷ್ಟು ಪೆರೋಲ್ ಎಂದು ಕೇಳಿ. ಹೈಕೋರ್ಟಿಗೆ ಹಾಕುವ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ (ಪಿಐಎಲ್) ವಕೀಲರೂ ಬೇಕು, ತಾಳ್ಮೆಯೂ ಬೇಕು.

ಪರಿಣಾಮದ ಲೆಕ್ಕ ಬೇರೆ. ಕಾರಾಗೃಹ ರಾಜ್ಯಪಟ್ಟಿಯ ವಿಷಯ. ಹಾಗಾಗಿ ‘ಅದು ಕೋರ್ಟಿನ ವಿಚಾರ’ ಎಂದು ಶಾಸಕರು ಜಾರಿಕೊಂಡರೆ ನಂಬಬೇಡಿ. 2017ರ ಜುಲೈನಲ್ಲಿ, ಶಿಕ್ಷೆಯಾಗಿದ್ದ ತಮಿಳುನಾಡಿನ ನಾಯಕಿ ಶಶಿಕಲಾ ಅವರಿಗೆ ಜೈಲಿನಲ್ಲಿ ವಿಶೇಷ ಸೌಲಭ್ಯವಿದೆ ಎಂದು ಕಾರಾಗೃಹ ಇಲಾಖೆಯ ಡಿಐಜಿ ರೂಪಾ ವರದಿ ಕೊಟ್ಟರು. ಬೆನ್ನಲ್ಲೇ ರೂಪಾ ಅವರಿಗೇ ವರ್ಗಾವಣೆ! ಇಂಥದ್ದಕ್ಕೆ ಸದನದಲ್ಲಿ ಉತ್ತರ ಕೊಡಬೇಕಾದವರು ಮಂತ್ರಿಗಳೇ.

ಕಾನೂನೇ ತಾರತಮ್ಯ ಮಾಡಿದಾಗ ಮಾತ್ರ ಕೋರ್ಟು ಮೇಲು. ಶಿಕ್ಷೆಯಾದರೂ ಮೇಲ್ಮನವಿ ಹಾಕಿ ಶಾಸಕ, ಸಂಸದರು ಕುರ್ಚಿ ಉಳಿಸಿಕೊಳ್ಳುವ ಅವಕಾಶವನ್ನು 2013ರಲ್ಲಿ ರದ್ದುಮಾಡಿದ್ದು ಸುಪ್ರೀಂ ಕೋರ್ಟ್, ಸಂಸತ್ತಲ್ಲ.

ಕೈಯಲ್ಲಿ ದಾಖಲೆಯಿಲ್ಲದಿದ್ದರೆ ಆರ್‌ಟಿಐ. ದಾಖಲೆಯಿದ್ದು ಅಧಿವೇಶನ ಹತ್ತಿರವಿದ್ದರೆ ಶಾಸಕರು, ಅದರಲ್ಲೂ ವಿರೋಧ ಪಕ್ಷದವರು ಬೇಗ ಕಿವಿಗೊಡುತ್ತಾರೆ. ನಿಯಮವೇ ತಪ್ಪೆಂದಾದರೆ ಹೈಕೋರ್ಟು.